ಕಾರಿನ ಮೇಲೆ ಕ್ಯಾರಿಯರ್ ಹಾಕಿಸುವ ಮುನ್ನ

ಸಿರುಗುಪ್ಪದಿಂದ ಅಕ್ಕಿ, ಕುರುಗೋಡಿನಿಂದ ಮೆಣಸಿನಕಾಯಿ ಹೇರಿಕೊಂಡು ಬಳ್ಳಾರಿಗೆ ಬರುವವರೇ, ಹೊಳೆಗೆ ಕಯಾಕ್ ದೋಣಿ ಒಯ್ಯಬೇಕೆನ್ನುವ ಹುಡುಗರೇ, ಒಂದು ಮಾತು ಕೇಳಿ. ಅಂಗಡಿಯಲ್ಲಿ ನೀವು ಕೇಳುವುದು, ‘ಈ ಕ್ಯಾರಿಯರ್ ಎಷ್ಟು ತೂಕ ತಡೆಯುತ್ತೆ?’ ಎಂದು. ಕೇಳಬೇಕಾದದ್ದು ನಿಮ್ಮ ಕಾರಿನ ಛಾವಣಿ ಎಷ್ಟು ತಡೆಯುತ್ತದೆ ಎಂಬುದನ್ನು. ಅದು ಕಾರಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. ಎಷ್ಟೋ ಸಣ್ಣ ಕಾರುಗಳಿಗೆ ಈ ಮಿತಿ 50ರಿಂದ 75 ಕೆ.ಜಿ., ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರಿರುತ್ತದೆ. 25 ಕೆ.ಜಿ.ಯ ಎರಡು ಅಕ್ಕಿ ಚೀಲ ಇಟ್ಟರೆ ಮುಗಿಯಿತು! ಅಕ್ಕಿ ಡಿಕ್ಕಿಯಲ್ಲೇ ಇರಲಿ. ಮೇಲೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ.

ಹಳೆಯ ಅಂಬಾಸಿಡರ್‌ಗೆ ಛಾವಣಿಯ ಅಂಚಿನಲ್ಲಿ ಮಳೆನೀರಿನ ಕಾಲುವೆ ಇತ್ತು, ಯಾವ ಕ್ಯಾರಿಯರ್ ಆದರೂ ಕಚ್ಚಿ ಕೂರುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಅದಿಲ್ಲ. ಕೆಲವುಗಳ ಮೇಲೆ ಕಾಣುವ ಕಂಬಿಗಳು ಬರೀ ಅಂದಕ್ಕೆ ಅಂಟಿಸಿದವು. ನಿಮ್ಮ ಮಾಡೆಲ್‌ಗೆಂದೇ ಮಾಡಿದ ಕ್ಯಾರಿಯರ್ ಕೊಳ್ಳಿ, ದುಡ್ಡಿನ ಮುಖ ನೋಡಬೇಡಿ.

ಕಯಾಕ್ ಹಗುರವೇ, ಆದರೆ ಉದ್ದ. ಎದುರಿನ ಲಾರಿ ಎಬ್ಬಿಸುವ ಗಾಳಿಗೆ ಅದರ ಮೂತಿ ಏಳುತ್ತದೆ. ನಡುವೆ ಎರಡು ಕಡೆ ಪಟ್ಟಿ ಬಿಗಿದರೆ ಸಾಲದು, ಮುಂದೆ ಹಿಂದೆಯೂ ಕಟ್ಟಿ. ಪ್ಲಾಸ್ಟಿಕ್ಕಿನದಾದರೆ ನಮ್ಮ ಬಿಸಿಲಿಗೆ ಮೆದುವಾಗಿ, ಅತಿಯಾಗಿ ಬಿಗಿದ ಕಡೆ ತಗ್ಗು ಬೀಳುತ್ತದೆ. ಕೈಯಿಂದ ಎಳೆದು ಬಿಗಿಯುವ ಅಗಲ ಪಟ್ಟಿಯೇ ಸರಿ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಪ್ರತಿ ಪಟ್ಟಿಯನ್ನೂ ಮತ್ತೊಮ್ಮೆ ಎಳೆದು ನೋಡಿ.