ಊರು ಪಟ್ಟಣವಾಗುವ ಮುನ್ನ: ಕರಡು ಅಧಿಸೂಚನೆ ಓದುವ ಬಗೆ

ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು ಎಂಬ ಸುದ್ದಿ ಬಂದ ಸಂಜೆಯೇ ಊರ ಸರ್ಕಲ್ಲಿನಲ್ಲಿ ಶಾಸಕರಿಗೆ ಅಭಿನಂದನೆಯ ಫ್ಲೆಕ್ಸ್ ಏರುತ್ತದೆ. ಪರವಾದವರು ಪಟಾಕಿ ಹಚ್ಚುತ್ತಾರೆ, ವಿರೋಧವಿದ್ದವರು "ಇನ್ನೇನು ಮಾಡೋಕಾಗುತ್ತೆ, ಆಗೇ ಹೋಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಆದರೆ ಸಂಪುಟದ ತೀರ್ಮಾನದಿಂದಲೇ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗುವುದಿಲ್ಲ. ಮೊದಲು ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆ ಕರೆಯಬೇಕು, ಬಂದವನ್ನು ಪರಿಶೀಲಿಸಬೇಕು. ಅಂತಿಮ ಅಧಿಸೂಚನೆ ಹೊರಡುವುದು ಆಮೇಲೆ. ನಾಗರಿಕನಿಗೆ ಕಾನೂನು ಕೊಟ್ಟಿರುವ ಜಾಗ ಈ ಕರಡು ಮತ್ತು ಅಂತಿಮದ ನಡುವೆ ಇದೆ. ಸಾಮಾನ್ಯವಾಗಿ ಅದು 30 ದಿನ. ಬಹಳ ಊರುಗಳಲ್ಲಿ ಆ ದಿನಗಳು ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತವೆ.

ಸಂವಿಧಾನದ 243ಕ್ಯೂ ವಿಧಿ ನಗರ ಸ್ಥಳೀಯ ಸಂಸ್ಥೆಗಳನ್ನು ಮೂರು ಬಗೆಯಾಗಿ ನೋಡುತ್ತದೆ: ಹಳ್ಳಿಯಿಂದ ಪಟ್ಟಣಕ್ಕೆ ಹೊರಳುತ್ತಿರುವ ಪ್ರದೇಶ, ಚಿಕ್ಕ ನಗರ ಪ್ರದೇಶ, ದೊಡ್ಡ ನಗರ ಪ್ರದೇಶ. ಯಾವುದು ಯಾವುದೆಂದು ನಿರ್ಧರಿಸುವಾಗ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಬರುವ ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ, ಆರ್ಥಿಕ ಮಹತ್ವ ಇವನ್ನು ಗಮನಿಸಬೇಕು. ಕರ್ನಾಟಕದಲ್ಲಿ 1964ರ ಪುರಸಭೆಗಳ ಅಧಿನಿಯಮ ಮತ್ತು 1976ರ ಮಹಾನಗರ ಪಾಲಿಕೆಗಳ ಅಧಿನಿಯಮ ಇದಕ್ಕೆ ಅಂಕಿ ಕೊಟ್ಟಿವೆ. ರೂಢಿಯ ಲೆಕ್ಕ ಹೀಗಿದೆ: 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ಪಟ್ಟಣ ಪಂಚಾಯಿತಿಗೆ ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಬೇಕು, ಒಟ್ಟು ಉದ್ಯೋಗದಲ್ಲಿ ಅರ್ಧದಷ್ಟಾದರೂ ಕೃಷಿಯೇತರವಾಗಿರಬೇಕು.

ಇಲ್ಲೊಂದು ವಿಚಿತ್ರವಿದೆ. ಜನಸಂಖ್ಯೆ ಎಂದರೆ ಕೊನೆಯ ಬಾರಿ ಅಂಕಿ ಪ್ರಕಟವಾದ ಜನಗಣತಿಯದು. ಹೊಸ ಗಣತಿಯ ಅಂಕಿ ಹೊರಬರುವವರೆಗೆ 2011ರ ಲೆಕ್ಕವೇ ಆಧಾರ. ಅಷ್ಟರಲ್ಲಿ ಎರಡು ಲೇಔಟು, ಒಂದು ಕಾರ್ಖಾನೆ ಬಂದು ಊರಿನ ಚಹರೆಯೇ ಬದಲಾಗಿದ್ದರೂ ಕಡತದಲ್ಲಿ ಅದು ಹಳೆಯ ಹಳ್ಳಿಯೇ.

ಹಲಗೆಯ ಮೇಲಿನ ಹೆಸರಿನ ಜೊತೆ ಏನೇನು ಬದಲಾಗುತ್ತದೆ? ತೆರಿಗೆ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಚರ್ಚೆಯೂ ಅಲ್ಲಿಗೇ ನಿಲ್ಲುತ್ತದೆ. ಗ್ರಾಮಸಭೆ ಇಲ್ಲವಾಗುವುದನ್ನು ಯಾರೂ ಎತ್ತುವುದಿಲ್ಲ. ಮತದಾರರೆಲ್ಲ ಕೂತು ಫಲಾನುಭವಿಗಳ ಪಟ್ಟಿ ಕೇಳುವ, ಪಿಡಿಒ ಅವರನ್ನು ಎದುರಿಗೇ ಪ್ರಶ್ನಿಸುವ ವೇದಿಕೆ ಪಟ್ಟಣ ಪಂಚಾಯಿತಿಯಲ್ಲಿಲ್ಲ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯೂ ನಿಲ್ಲುತ್ತದೆ. ಇನ್ನೊಂದು ವಿಷಯ ತಂದೆತಾಯಿಗೆ ಹೊಳೆಯುವುದು ಬಹಳ ತಡವಾಗಿ. ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಸಿಇಟಿ ಮೂಲಕ ಹಂಚುವ ಸೀಟುಗಳಲ್ಲಿ ಶೇ 15 ಮೀಸಲಾತಿ ಇದೆ. ಅದಕ್ಕೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಪಟ್ಟಣ ಪಂಚಾಯಿತಿ ವ್ಯಾಪ್ತಿ ಗ್ರಾಮೀಣವಲ್ಲ. ಮಗಳು ಏಳನೇ ತರಗತಿಯಲ್ಲಿದ್ದಾಗ ಊರು ಮೇಲ್ದರ್ಜೆಗೇರಿದರೆ, ಮುಂದಿನ ಮೂರು ವರ್ಷ ಅದೇ ಶಾಲೆಯ ಅದೇ ಬೆಂಚಿನಲ್ಲಿ ಕೂತಿದ್ದರೂ ಪ್ರಮಾಣಪತ್ರದ ಹೊತ್ತಿಗೆ ತೊಡಕಾಗುತ್ತದೆ.

ಅತ್ತ, ಊರು ಪಟ್ಟಣವಾದರೆ ಹೊಲವೆಲ್ಲ ಸೈಟಾಗುತ್ತದೆ ಎಂದು ಬ್ರೋಕರುಗಳು ಹಬ್ಬಿಸುವ ಮಾತೂ ಸುಳ್ಳು. ಪಹಣಿಯಲ್ಲಿ ಕೃಷಿ ಜಮೀನಾಗಿರುವುದು ಭೂಪರಿವರ್ತನೆ ಆಗುವವರೆಗೆ ಕೃಷಿ ಜಮೀನೇ.

ಸೌಲಭ್ಯಗಳು ಬರುವುದಿಲ್ಲವೆಂದಲ್ಲ, ಹೆಸರಿನಷ್ಟು ಬೇಗ ಬರುವುದಿಲ್ಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ಮಾಡಿದರು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ.

ಈಗ ಕರಡು ಓದುವ ಬಗೆ. ಇ-ರಾಜ್ಯಪತ್ರ ಜಾಲತಾಣದಲ್ಲಿ ನಗರಾಭಿವೃದ್ಧಿ ಇಲಾಖೆಯ ಅಧಿಸೂಚನೆ ಸಿಗುತ್ತದೆ. ಮೊದಲ ಪುಟದ ಕಾನೂನು ಭಾಷೆಯನ್ನು ದಾಟಿ ನೇರ ಅನುಸೂಚಿಗೆ ಹೋಗಿ. ಸೇರುವ ಗ್ರಾಮಗಳು, ಸರ್ವೆ ನಂಬರುಗಳು, ನಾಲ್ಕು ದಿಕ್ಕಿನ ಗಡಿ ಅಲ್ಲಿರುತ್ತವೆ. ನಿಮ್ಮ ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಹುಡುಕಿ. ಮನೆಯಿರುವ ನಂಬರು ಒಳಗೆ, ಕೊಟ್ಟಿಗೆಯಿರುವ ನಂಬರು ಹೊರಗೆ ಎಂಬಂತಾಗಿದ್ದರೆ ಹೇಳಬೇಕಾದ ಸಮಯ ಇದೇ. ಊರನ್ನು ಸೇರಿಸಲೇಬಾರದು ಎನ್ನುವ ಅರ್ಜಿಗಿಂತ ಇಂಥ ನಿರ್ದಿಷ್ಟ ತಿದ್ದುಪಡಿಯ ಕೋರಿಕೆಗೆ ಕಿವಿಗೊಡುವ ಸಾಧ್ಯತೆ ಹೆಚ್ಚು.

ಆಕ್ಷೇಪಣೆ ಬರೆಯುವಾಗ "ನಮ್ಮ ಹಳ್ಳಿಯ ಸಂಸ್ಕೃತಿ ಹಾಳಾಗುತ್ತದೆ" ಎಂದು ಒಂದು ಸಾಲು ಬರೆದು ಇನ್ನೂರು ಸಹಿ ಹಾಕಿಸುವುದು ವಾಡಿಕೆ. ಕಾನೂನಿನ ಮಾನದಂಡಗಳಲ್ಲಿ ಸಂಸ್ಕೃತಿ ಇಲ್ಲ. ಜನಗಣತಿಯ ಗ್ರಾಮವಾರು ಪಟ್ಟಿಯಲ್ಲಿ ದುಡಿಯುವವರ ಒಟ್ಟು ಸಂಖ್ಯೆ, ಅದರಲ್ಲಿ ಸಾಗುವಳಿದಾರರು, ಕೃಷಿ ಕೂಲಿಗಳು ಎಷ್ಟು ಎಂಬುದು ಬೇರೆಬೇರೆಯಾಗಿ ಇರುತ್ತದೆ. ಈ ಎರಡನ್ನೂ ಒಟ್ಟಿನಿಂದ ಕಳೆದರೆ ಉಳಿದದ್ದು ಕೃಷಿಯೇತರ ದುಡಿಮೆ. ಅದು ಅರ್ಧಕ್ಕಿಂತ ಕಡಿಮೆಯಿದ್ದರೆ ಆ ಲೆಕ್ಕವೇ ನಿಮ್ಮ ಆಕ್ಷೇಪಣೆಯ ಮೊದಲ ಪ್ಯಾರಾ ಆಗಲಿ. ಪಂಚಾಯಿತಿಯ ಬೇಡಿಕೆ, ವಸೂಲಿ, ಬಾಕಿಯ ವಹಿ ಆದಾಯದ ಚಿತ್ರ ಕೊಡುತ್ತದೆ. ಗ್ರಾಮಸಭೆಯ ನಿರ್ಣಯ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಆದರೂ ನಡಾವಳಿಯ ಪ್ರತಿ ಲಗತ್ತಿಸಿ. ಈ ದಾಖಲೆಗಳಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೂರಬೇಡಿ. ಅದಕ್ಕೆ ಉತ್ತರಿಸಲೂ 30 ದಿನವಿದೆ, ಉತ್ತರ ಕೈಸೇರುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರುತ್ತದೆ. ಆಕ್ಷೇಪಣೆಯನ್ನು ಖುದ್ದಾಗಿ ಕೊಟ್ಟರೆ ಸೀಲು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ.

ಗಡುವು ಮೀರಿದ ಮೇಲೆ ಹೈಕೋರ್ಟಿಗೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದು, ಹೆಚ್ಚು ಆಸೆ ಇಟ್ಟುಕೊಳ್ಳದೆ. ಹಿಮಾಚಲದ ಬಲದೇವ್ ಸಿಂಗ್ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್, ತೆರಿಗೆಯಂಥ ಪರಿಣಾಮಗಳಿರುವುದರಿಂದ ಹಳ್ಳಿಯವರ ಮಾತು ಕೇಳಬೇಕು ಎಂದಿತ್ತು. ಎರಡೇ ವರ್ಷದಲ್ಲಿ, ಮಹಾರಾಷ್ಟ್ರದ ಕಲ್ಯಾಣ್ ಪಾಲಿಕೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪಾಲಿಕೆ ರಚಿಸುವುದು ಶಾಸನ ಮಾಡುವಂಥ ಕೆಲಸ, ಕಾಯ್ದೆ ಹೇಳಿದ ವಿಧಾನ ಪಾಲಿಸಿದರೆ ಸಾಕು ಎಂದಿತು. 2002ರ ಪಂಜಾಬಿನ ತೆಹಲ್ ಸಿಂಗ್ ತೀರ್ಪು ಗ್ರಾಮಸಭಾ ಪ್ರದೇಶಗಳಿಗೂ ಇದೇ ನಿಲುವನ್ನು ಅನ್ವಯಿಸಿತು. ಹಾಗಾಗಿ ಕರಡನ್ನೇ ಪ್ರಕಟಿಸಲಿಲ್ಲ, ಆಕ್ಷೇಪಣೆಯನ್ನು ತೆರೆದೂ ನೋಡಲಿಲ್ಲ ಎಂಬ ವಾದಕ್ಕೆ ಬಲವಿದೆ. ತೀರ್ಮಾನ ಸರಿಯಿಲ್ಲ ಎಂಬುದಷ್ಟೇ ವಾದವಾದರೆ ಅದು ನಿಲ್ಲುವುದು ಕಷ್ಟ. ಆಕ್ಷೇಪಣೆಯನ್ನೇ ಸಲ್ಲಿಸದವರ ಬಳಿ ಮೊದಲನೆಯ ವಾದವೂ ಅರ್ಧ ಬಡವಾಗಿರುತ್ತದೆ.

ಒಂದು ಗ್ರಾಮ ಪಂಚಾಯಿತಿಯಿಂದ ಇನ್ನೊಂದಕ್ಕೆ ಹಳ್ಳಿ ಸೇರಿಸುವುದು, ಕೇಂದ್ರಸ್ಥಾನ ಬದಲಿಸುವುದು ಬೇರೆ ದಾರಿ. 1993ರ ಪಂಚಾಯತ್ ರಾಜ್ ಅಧಿನಿಯಮದ 4ನೇ ಪ್ರಕರಣ ಅದನ್ನು ಹೇಳುತ್ತದೆ. ಅಲ್ಲಿಯೂ ಪ್ರಸ್ತಾವವನ್ನು ಮೊದಲೇ ಪ್ರಕಟಿಸಬೇಕು. ಜನಸಂಖ್ಯೆಯ ಸಾಮಾನ್ಯ ಮಿತಿ 5 ಸಾವಿರದಿಂದ 7 ಸಾವಿರ, ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ 2,500ಕ್ಕೂ ಅವಕಾಶವುಂಟು.

ಅಂತಿಮ ಅಧಿಸೂಚನೆ ಬಂದೇಬಿಟ್ಟರೆ ಮೊದಲು ಮಾಡಬೇಕಾದ ಕೆಲಸ ಪಂಚಾಯಿತಿ ಕಚೇರಿಯಿಂದ ಇ-ಸ್ವತ್ತಿನ ನಮೂನೆ 9, 11 ಮತ್ತು ತೆರಿಗೆ ರಸೀದಿಯ ದೃಢೀಕೃತ ಪ್ರತಿ ಪಡೆಯುವುದು. ಕಡತಗಳು ಕಚೇರಿಯಿಂದ ಕಚೇರಿಗೆ ಸಾಗುವಾಗ ಕಳೆಯುವುದುಂಟು, ಹೊಸ ಖಾತೆಗೆ ಹಳೆಯದೇ ಆಧಾರ. ಹೊಸ ಸಂಸ್ಥೆಯ ಚುನಾವಣೆ ಯಾವಾಗ ಎಂದೂ ಲಿಖಿತವಾಗಿ ಕೇಳಿ. ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದಿತ್ತು. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬರುವವರೆಗೂ ಅಲ್ಲಿ ಆಡಳಿತಾಧಿಕಾರಿಗಳದೇ ಆಳ್ವಿಕೆ.