ಪ್ರತಿಜೀವಕಗಳ ಪಾಠವೂ ಸ್ಮರಣೆಯ ಕ್ರಮವೂ

ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಶಾಲೆಗಳಿಗೆ ಹೊಸದಲ್ಲ. ಅದರ ಪ್ರಯೋಜನವನ್ನು ಅಲ್ಲಗಳೆಯುವಂತೆಯೂ ಇಲ್ಲ. ಆದರೆ ಬಾಯಿಪಾಠವು ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ವೈದ್ಯವಿದ್ಯೆಯ ಒಂದು ನಿದರ್ಶನದಿಂದ ವಿವೇಚಿಸಬಹುದು.

ವಿದೇಶಗಳಲ್ಲಿ ವೈದ್ಯಕೀಯ ಪದವಿ ಪಡೆದ ಭಾರತೀಯರಲ್ಲಿ ಹೆಚ್ಚಿನವರು ಸ್ವದೇಶದಲ್ಲಿ ವೃತ್ತಿ ಕೈಗೊಳ್ಳಲು ಅರ್ಹತಾ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ 2002ರಿಂದ ಜಾರಿಯಲ್ಲಿದೆ. ಪ್ರಶ್ನೆಗಳು 300, ತೇರ್ಗಡೆಗೆ ಬೇಕಾದ ಅಂಕಗಳು 150. ಅಭ್ಯರ್ಥಿಗಳನ್ನು ಕಾಡುವ ಭಾಗಗಳಲ್ಲಿ ಪ್ರತಿಜೀವಕ ಔಷಧಿಗಳದೂ ಒಂದು. ಯಾವ ರೋಗಾಣುವಿಗೆ ಯಾವ ಔಷಧಿ ಎಂಬ ಪಟ್ಟಿ ಬಲು ಉದ್ದ. ಹೆಸರುಗಳೋ ಒಂದರಂತೆ ಇನ್ನೊಂದು.

ಈ ಪಟ್ಟಿಯನ್ನು ಕಾರ್ಯಕಾರಣ ಸಂಬಂಧದಿಂದ ವಿಂಗಡಿಸಿಕೊಂಡರೆ ಭಾರ ಇಳಿಯುತ್ತದೆ. ಪೆನಿಸಿಲಿನ್, ಸೆಫಲೋಸ್ಪೋರಿನ್, ವ್ಯಾಂಕೊಮೈಸಿನ್‌ಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯ ರಚನೆಯನ್ನು ತಡೆಯುತ್ತವೆ. ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್‌ಗಳು ಅದರ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತವೆ. ಸಿಪ್ರೊಫ್ಲಾಕ್ಸಸಿನ್ ಡಿ.ಎನ್.ಎ.ಯ ನಕಲಿಗೂ, ಸಲ್ಫಾ ಔಷಧಿಗಳು ಫೋಲೇಟಿನ ತಯಾರಿಕೆಗೂ ಅಡ್ಡಿಯಾಗುತ್ತವೆ. ಇಷ್ಟನ್ನು ತಿಳಿದವರು, ಮೈಕೊಪ್ಲಾಸ್ಮಾ ಎಂಬ ರೋಗಾಣುವಿನಿಂದ ಬಂದ ನ್ಯುಮೋನಿಯಾಕ್ಕೆ ಪೆನಿಸಿಲಿನ್ ಸಲ್ಲದೆಂಬುದನ್ನು ಉರುಹೊಡೆಯಬೇಕಾಗಿಲ್ಲ. ಆ ಜೀವಿಗೆ ಕೋಶಭಿತ್ತಿಯೇ ಇಲ್ಲ.

ಕಾರಣವನ್ನು ಬಿಟ್ಟು ಪಟ್ಟಿಯನ್ನಷ್ಟೇ ನಂಬಿದರೆ ಆಗುವ ಅನರ್ಥಕ್ಕೂ ಉದಾಹರಣೆಯುಂಟು. ಸಿಫಿಲಿಸ್ ರೋಗಿಗೆ ಪೆನಿಸಿಲಿನ್ ಒಗ್ಗದಿದ್ದರೆ ಡಾಕ್ಸಿಸೈಕ್ಲಿನ್ ಎಂಬುದು ಪಟ್ಟಿಯ ಉತ್ತರ. ರೋಗಿಯು ಗರ್ಭಿಣಿಯಾದರೆ ಅದೇ ಉತ್ತರ ತಪ್ಪಾಗುತ್ತದೆ. ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳು ಭ್ರೂಣದ ಎಲುಬು, ಹಲ್ಲುಗಳನ್ನು ಸೇರುತ್ತವೆ. ಗರ್ಭಸ್ಥ ಶಿಶುವನ್ನು ಈ ರೋಗದಿಂದ ಕಾಪಾಡುವುದೆಂದು ಸಿದ್ಧವಾಗಿರುವುದು ಪೆನಿಸಿಲಿನ್ ಒಂದೇ. ಆದುದರಿಂದ ಆಸ್ಪತ್ರೆಯಲ್ಲಿ, ವೈದ್ಯರ ಸಮಕ್ಷಮದಲ್ಲಿ, ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ದೇಹಕ್ಕೆ ಒಗ್ಗಿಸಿ, ಅನಂತರ ಪೆನಿಸಿಲಿನನ್ನೇ ಕೊಡುತ್ತಾರೆ. ಈ ತಪ್ಪಿಗೆ ಪರೀಕ್ಷೆಯಲ್ಲಿ ಒಂದು ಅಂಕ ಹೋದೀತು. ಆಸ್ಪತ್ರೆಯಲ್ಲಿ ಒಂದು ಕೂಸೇ ಹೋಗಬಹುದು.

ಹಾಗೆಂದು ನೆನಪಿನ ಅಭ್ಯಾಸ ಬೇಡವೆಂದಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಅವರು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾವೇ ಬಾಯಿಪಾಠ ಮಾಡಿ ಪರೀಕ್ಷಿಸಿ, ಅವುಗಳ ಬಹುಪಾಲು ಮೊದಲ ದಿನವೇ ಮರೆತುಹೋಗುವುದೆಂದೂ, ಹಲವು ದಿನಗಳಿಗೆ ಹಂಚಿ ಕಲಿತರೆ ಹೆಚ್ಚು ಉಳಿಯುವುದೆಂದೂ 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದರು. ಅಭ್ಯರ್ಥಿಗಳು ಈ ತತ್ತ್ವವನ್ನು ಹೀಗೆ ಬಳಸಬಹುದು: ಓದಿದ ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯಲ್ಲಿ ರೋಗಾಣು, ಔಷಧಿ, ಕಾರಣ, ಯಾರಿಗೆ ಕೊಡಲಾಗದು ಎಂಬ ನಾಲ್ಕು ಅಂಕಣಗಳನ್ನು ತುಂಬಬೇಕು, ಬಳಿಕ ಪುಸ್ತಕದೊಡನೆ ತಾಳೆ ನೋಡಬೇಕು. ಮೊದಲ ಎರಡು ಅಂಕಣಗಳು ತುಂಬಿ ಉಳಿದೆರಡು ಬರಿದಾಗಿದ್ದರೆ ಪಾಠ ಇನ್ನೂ ಮುಗಿದಿಲ್ಲವೆಂದು ತಿಳಿಯತಕ್ಕದ್ದು.

"ಏಕೆ?" ಎಂದು ಕೇಳುವ ಅಭ್ಯಾಸ ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಮ್ಮೆಗೇ ಬರುವಂಥದಲ್ಲ. ಏಳನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು ಆ ಪ್ರಶ್ನೆಯನ್ನು ಕೇಳಿದಾಗ ಅವನಿಗೆ ಸಾವಧಾನದಿಂದ ಉತ್ತರಿಸುವ ಉಪಾಧ್ಯಾಯರು, ಮುಂದೆಂದೋ ಅವನ ಮುಂದೆ ಬಂದು ಕೂಡುವ ರೋಗಿಗೂ ಉಪಕಾರ ಮಾಡಿದವರಾಗುತ್ತಾರೆ.