ರೋಗಿಯನ್ನು ಕಾಣಲು ಹೋಗುವ ಮುನ್ನ

ಕೋಟೇಶ್ವರದಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ಕುಂದಾಪುರದ್ದೋ ಮಣಿಪಾಲದ್ದೋ ಆಸ್ಪತ್ರೆಗೆ ಕಾಣಲು ನೆಂಟರೆಲ್ಲ ಹೊರಡುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಆಸ್ಪತ್ರೆಗಳಲ್ಲಿ ಬೇರೂರುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಹರಡುವುದು ಕೈಯಿಂದಲೇ. ಕೆಲವಕ್ಕೆ ಕಾರ್ಬಪೆನೆಮ್‌ನಂಥ ಬಲವಾದ ಔಷಧಿಯೂ ನಾಟುವುದಿಲ್ಲ. ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ. ನಿಮಗೇ ಜ್ವರ, ಕೆಮ್ಮು ಇದ್ದರೆ ಫೋನಿನಲ್ಲೇ ವಿಚಾರಿಸಿ, ಯಾರೂ ಬೇಸರಿಸುವುದಿಲ್ಲ. ಜೊತೆಗೆ ನಿಲ್ಲುವವರು ಮೂತ್ರದ ನಳಿಕೆ, ಡ್ರಿಪ್ ಸೂಜಿ ಇನ್ನೂ ಬೇಕೇ ಎಂದು ದಿನಾ ಡಾಕ್ಟರನ್ನು ಕೇಳಿ. ಅದು ಅಧಿಕಪ್ರಸಂಗವಲ್ಲ; ಸೋಂಕು ಒಳಹೋಗುವ ದಾರಿಗಳೇ ಅವು.

ಔಷಧಿ ನಾಟದ ಬ್ಯಾಕ್ಟೀರಿಯಾ ಹೆಚ್ಚದಂತೆ, ಮನೆಗೆ ಬಂದ ಮೇಲೂ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆಯಿರುವ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಡಾಕ್ಟರ ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಕೇಳಬೇಡಿ. 2014ರಿಂದ ಹಲವು ಆ್ಯಂಟಿಬಯೋಟಿಕ್‌ಗಳ ಮಾರಾಟವನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಲೇಬೇಕು. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೂ ಕೊಡಬೇಡಿ.